ಜೈಲಿನಿಂದ ಹೊರಬಂದವರಿಗೆ ಯಾರು ದಿಕ್ಕು?

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಹುಡುಗನೊಬ್ಬ ಶಿಕ್ಷೆ ಮುಗಿಸಿ ಬಂದಿದ್ದಾನೆ. ಒಳಗೆ ಬೇಕರಿ ಕೆಲಸ ಚೆನ್ನಾಗಿ ಕಲಿತಿದ್ದಾನೆ, ಆದರೆ ಜೈಲಿನ ವಿಷಯ ಗೊತ್ತಾದ ತಕ್ಷಣ ಮೂರು ಅಂಗಡಿಯವರು ಬೇಡ ಅಂದರು, ಬಾಡಿಗೆ ಮನೆಯೂ ಸಿಗಲಿಲ್ಲ. ಇಷ್ಟು ವರ್ಷ ಮನೆಗೆಲಸ ಮಾಡಿ ಅವನ ತಂಗಿಯನ್ನು ಓದಿಸಿದ ಅಮ್ಮನ ತಪ್ಪೇನಿತ್ತು? ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಿಡುಗಡೆಯ ನಂತರದ ಆರೈಕೆಗೆ ಒಂದು ಅಧ್ಯಾಯವೇ ಇದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, 18 ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಡುವವರಿಗೆ ಹಣದ ನೆರವು ಕೊಡಲು ಅವಕಾಶವಿದೆ. ಸುಮ್ನೆ ಕಾಗದದಲ್ಲಿದ್ದರೆ ಸಾಲದು ಅಲ್ವಾ? ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಾಗಲಿ, ಬೆಳಗಾವಿಯ ಹಿಂಡಲಗಾ ಜೈಲಾಗಲಿ, ಬಿಡುಗಡೆಗೆ ಮೂರು ತಿಂಗಳು ಮೊದಲೇ ಒಬ್ಬ ಸಮಾಜ ಕಾರ್ಯಕರ್ತರು ಕೈದಿಯ ಮನೆಗೆ ಹೋಗಿ ಮಾತಾಡಲಿ, ಆಧಾರ್, ರೇಷನ್ ಕಾರ್ಡ್ ಸರಿಮಾಡಿಸಲಿ, ಕೆಲಸ ಕೊಡುವವರನ್ನೂ ಹುಡುಕಲಿ.

– ಓದುಗರೊಬ್ಬರು, ಬೆಂಗಳೂರು