ಟಿಡಿಎಸ್ ಹೋಯಿತು, ಕಮಿಷನ್ ಬರಲಿಲ್ಲ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,

ಧಾರವಾಡದ ಸಪ್ತಾಪುರದಿಂದ ನಮಸ್ಕಾರ. ನೀವು ನಮ್ಮ ಸಂಸದರು, ಕೇಂದ್ರದಲ್ಲಿ ಗ್ರಾಹಕ ವ್ಯವಹಾರಗಳ ಸಚಿವರೂ ಹೌದು. ನನ್ನ ದೂರಿಗೆ ಈ ಎರಡೂ ಕುರ್ಚಿ ಬೇಕು.

ಮೊದಲು ನನ್ನ ಕೆಲಸ ಏನು ಅಂತ ಹೇಳುತ್ತೇನೆ. ನಮ್ಮ ಮನೆಯವರಿಗೇ ಅದು ಇನ್ನೂ ಪೂರ್ತಿ ಅರ್ಥವಾಗಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದಲು ಎಲ್ಲೆಲ್ಲಿಂದಲೋ ಹುಡುಗರು ಸಪ್ತಾಪುರಕ್ಕೆ ಬರುತ್ತಾರೆ, ನಿಮಗೆ ಗೊತ್ತೇ ಇದೆ. ಅವರಿಗಾಗಿ ಯೂಟ್ಯೂಬ್‌ನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ತೋರಿಸುತ್ತೇನೆ. ವಿಡಿಯೊ ಕೆಳಗೆ ಒಂದು ಕಲಿಕಾ ಆ್ಯಪ್‌ನ ಲಿಂಕ್ ಇರುತ್ತಿತ್ತು. ಆ ಲಿಂಕ್‌ನಿಂದ ಹೋಗಿ ಯಾರಾದರೂ ಕೋರ್ಸ್ ಕೊಂಡರೆ ನನಗೆ ನೂರಕ್ಕೆ 20 ಕಮಿಷನ್. ಮರುವರ್ಷ ಅವರು ರಿನ್ಯೂ ಮಾಡಿದರೆ ನೂರಕ್ಕೆ 8. ಅಫಿಲಿಯೇಟ್ ಮಾರ್ಕೆಟಿಂಗ್ ಅಂದರೆ ಇಷ್ಟೇ. ನಮ್ಮ ಅಜ್ಜನ ಮಾತಿನಲ್ಲಿ ದಲಾಲಿ.

ಮಾರಾಟ ಆದ ಕೂಡಲೇ ದುಡ್ಡು ಬರುವುದಿಲ್ಲ. ಮೊದಲ 30 ದಿನ ಅದು 'ಪೆಂಡಿಂಗ್'. ಕೊಂಡವರು ಹಣ ವಾಪಸ್ ಕೇಳದಿದ್ದರೆ 'ಅಪ್ರೂವ್ಡ್'. ಅಂದರೆ ಕಂಪನಿಯೇ ನೋಡಿ ಒಪ್ಪಿಕೊಂಡ ಲೆಕ್ಕ. 2025ರ ಮಾರ್ಚ್ ಕೊನೆಗೆ ನನ್ನ ಹೆಸರಿನಲ್ಲಿ ಹೀಗೆ ಒಪ್ಪಿದ ಮೊತ್ತ 86,500 ರೂಪಾಯಿ. ಅದನ್ನು ಮೇ 15ಕ್ಕೆ ಹಾಕಬೇಕಿತ್ತು. ಮೇ 6ರಂದು ಇಮೇಲ್ ಬಂತು. ನಮ್ಮನ್ನು ಬೇರೆ ಕಂಪನಿ ಕೊಂಡಿದೆ, ಅಫಿಲಿಯೇಟ್ ಯೋಜನೆ 7 ದಿನದಲ್ಲಿ ಮುಚ್ಚುತ್ತದೆ, ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ. ಬಾಕಿಯ ಸುದ್ದಿಯೇ ಇಲ್ಲ. ಮೇ 13ರ ಬೆಳಿಗ್ಗೆ ನನ್ನ ಕಮಿಷನ್ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ತೆರೆಯಲಿಲ್ಲ.

ಹಳೆಯ ವಿಳಾಸಕ್ಕೆ ಬರೆದರೆ ಮೇಲ್ ಹಾಗೇ ವಾಪಸ್ ಬಂತು. ಕಂಪನಿ ಕೊಂಡವರು 'ಅದು ಹಿಂದಿನವರ ವ್ಯವಹಾರ' ಅಂದರು. ಆದರೆ ನಾನು ಕಳಿಸಿದ ಹುಡುಗರು ಈಗಲೂ ಅದೇ ಆ್ಯಪ್‌ನಲ್ಲಿ ಓದುತ್ತಿದ್ದಾರೆ. ಅವರ ರಿನ್ಯೂವಲ್ ದುಡ್ಡನ್ನು ಹಿಂದಿನವರ ವ್ಯವಹಾರ ಅಂತ ಯಾರೂ ಬಿಡುತ್ತಿಲ್ಲ.

ಇಷ್ಟೇ ಆಗಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆನೇನೋ. ಜೂನ್‌ನಲ್ಲಿ ರಿಟರ್ನ್ಸ್ ತುಂಬಲು 26ಎಎಸ್ (ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ಆದಾಯ ತೆರಿಗೆ ಇಲಾಖೆ ತೋರಿಸುವ ಪಟ್ಟಿ) ತೆಗೆದು ನೋಡಿದೆ. ಆ ಕಂಪನಿಯ ಹೆಸರಿನ ಮುಂದೆ, ಆದಾಯ ತೆರಿಗೆ ಕಾಯ್ದೆಯಲ್ಲಿ ಕಮಿಷನ್‌ಗೆ ಇದ್ದ 194ಎಚ್ ಕಲಂ ಅಡಿ, 86,500 ರೂಪಾಯಿ ಜಮಾ, 1,730 ರೂಪಾಯಿ ಟಿಡಿಎಸ್, ಅಂದರೆ ಕೊಡುವ ಮೊದಲೇ ಮುರಿದುಕೊಂಡ ತೆರಿಗೆ! ಈ ಕಲಂ ಪ್ರಕಾರ ದುಡ್ಡು ಕೈಗೆ ಕೊಡುವವರೆಗೆ ಕಾಯುವಂತಿರಲಿಲ್ಲ. ಪುಸ್ತಕದಲ್ಲಿ ಜಮಾ ಬರೆದಾಗಲೇ ತೆರಿಗೆ ಹಿಡಿಯಬೇಕಿತ್ತು. ಅವರು ಮಾರ್ಚ್ 31ಕ್ಕೆ ಅಚ್ಚುಕಟ್ಟಾಗಿ ಹಾಗೇ ಮಾಡಿದ್ದಾರೆ. ಸರ್ಕಾರಕ್ಕೆ ಸೇರಬೇಕಾದ ನೂರಕ್ಕೆ 2 ಸೇರಿದೆ. ನನಗೆ ಬರಬೇಕಾದ 98 ಮಾತ್ರ ಬಂದಿಲ್ಲ. 'ಬಾರದ ದುಡ್ಡನ್ನೂ ಆದಾಯ ಅಂತ ತೋರಿಸಿಬಿಡಿ, ಇಲ್ಲದಿದ್ದರೆ ನೋಟಿಸ್ ಬರುತ್ತದೆ' ಅಂದರು ನಮ್ಮ ಸಿಎ. ತೋರಿಸಿದೆ.

ಈ ವ್ಯಕ್ತಿಗೆ ಇಷ್ಟು ಕೊಡಬೇಕು ಅಂತ ಕಂಪನಿಯೇ ಸರ್ಕಾರಕ್ಕೆ ಬರೆದುಕೊಟ್ಟಿದೆ. ಇದಕ್ಕಿಂತ ಜಾಸ್ತಿ ಸಾಕ್ಷಿ ಏನು ಬೇಕು ಹೇಳಿ?

ಬಾಗಿಲು ತಟ್ಟಿಲ್ಲ ಅಂತಲ್ಲ. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ ನಾನು ಏನನ್ನೂ ಕೊಂಡಿಲ್ಲ, ಹಾಗಾಗಿ ಗ್ರಾಹಕನಲ್ಲ. ಕಾರ್ಮಿಕ ಇಲಾಖೆಗೆ ನಾನು ನೌಕರನಲ್ಲ. ಪೊಲೀಸರು ಸಿವಿಲ್ ವಿಷಯ ಅಂದರು, ಅದು ಸರಿಯೇ. ಸಣ್ಣ ಉದ್ಯಮಗಳ ಬಾಕಿಗೆ 2006ರ ಎಂಎಸ್‌ಎಂಇ ಕಾಯ್ದೆ ಇದೆ. 45 ದಿನದೊಳಗೆ ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಒಳ್ಳೆಯ ಕಾಯ್ದೆ. ಆದರೆ ಆಗ ನಾನು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿರಲಿಲ್ಲ, ಈಗ ಮಾಡಿಸಿದರೆ ಹಳೆಯ ಬಾಕಿಗೆ ತಾಗುವುದು ಕಷ್ಟ. (ಈ ಕೆಲಸ ಮಾಡುವ ಗೆಳೆಯರೇ, ಇವತ್ತೇ ಮಾಡಿಸಿಕೊಳ್ಳಿ. ಪುಕ್ಕಟೆ.) ದಿವಾಳಿ ಕಾಯ್ದೆಯಡಿ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಕೋಟಿ ಇರಬೇಕು. 2020ರ ಮಾರ್ಚ್‌ಗೆ ಮುಂಚೆ 1 ಲಕ್ಷ ಇತ್ತು. ಕಂಪನಿಗಳು ನ್ಯಾಯಮಂಡಳಿಯ ಮೂಲಕ ವಿಲೀನವಾಗುವಾಗ ಸಾಲ ಕೊಟ್ಟವರು ಆಕ್ಷೇಪಿಸಬಹುದು, ಆದರೆ ಒಟ್ಟು ಸಾಲದಲ್ಲಿ ನೂರಕ್ಕೆ 5 ಪಾಲು ಇದ್ದವರು ಮಾತ್ರ. ನನ್ನ 86,500 ಅಲ್ಲಿ ಯಾವ ಲೆಕ್ಕ?

ಇನ್ನೊಂದು ಗೋಜಲಿದೆ. ಶೇರು ಕೊಂಡು ಕಂಪನಿ ಹಿಡಿದರೆ ಕಂಪನಿ ಅದೇ ಇರುತ್ತದೆ, ಅದರ ಸಾಲವೂ ಅದರ ತಲೆಯ ಮೇಲೇ ಇರುತ್ತದೆ. ಬರೀ ಆ್ಯಪ್, ಹೆಸರು, ಗ್ರಾಹಕರ ಪಟ್ಟಿ ಕೊಂಡರೆ ಯಾವ ಬಾಕಿ ಯಾರಿಗೆ ಅನ್ನುವುದು ಅವರಿಬ್ಬರ ಒಪ್ಪಂದ. ನಮ್ಮ ಆ್ಯಪ್‌ನ ಮಾರಾಟ ಯಾವ ಬಗೆಯದು ಅಂತ ಕೇಳಿದೆ. ಗೌಪ್ಯವಂತೆ.

ನಮ್ಮ ಅಜ್ಜ ಸುಭಾಷ್ ರೋಡಿನ ಕಿರಾಣಿ ಅಂಗಡಿ ಮಾರಿದಾಗ, ಕೊಂಡವರು ಎರಡು ಸಂಜೆ ಉದ್ರಿ ಪುಸ್ತಕ ಹಿಡಿದು ಕೂತಿದ್ದರಂತೆ. ಬರಬೇಕಾದ್ದು ಎಷ್ಟು, ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ್ದು ಎಷ್ಟು. ಕೊಡುವುದನ್ನು ಕಳೆದು ಅಂಗಡಿಗೆ ಬೆಲೆ ಕಟ್ಟಿದರು. ಆಮೇಲೆ ಆ ಬಾಕಿಯನ್ನು ಅವರೇ ತೀರಿಸಿದರು. ದೊಡ್ಡ ಕಂಪನಿ ಕೊಳ್ಳುವವರೂ ಲೆಕ್ಕಪತ್ರ ನೋಡಿಯೇ ಕೊಳ್ಳುತ್ತಾರೆ ಅಲ್ವಾ? ನಮ್ಮ ಬಾಕಿ ಕಳೆದು ಬೆಲೆ ಕಟ್ಟಿದ್ದರೆ ಆ ದುಡ್ಡು ಕೊಂಡವರ ಬಳಿ ಇದೆ. ಕಳೆಯದೆ ಕಟ್ಟಿದ್ದರೆ ಮಾರಿದವರ ಬಳಿ ಇದೆ. ಎಲ್ಲಿಗೂ ಆವಿಯಾಗಿಲ್ಲ.

ನಮ್ಮವರೆಲ್ಲ ಸಾಚಾ ಅಂತ ನಾನು ವಾದಿಸುವುದಿಲ್ಲ. ಸ್ವಂತ ಲಿಂಕ್‌ನಲ್ಲಿ ತಾವೇ ಕೊಂಡು ಕಮಿಷನ್ ಹೊಡೆಯುವವರಿದ್ದಾರೆ. ಅಂಥ ಲೆಕ್ಕ ಕಂಪನಿ ತಳ್ಳಿಹಾಕಲಿ. ನಾನು ಕೇಳುತ್ತಿರುವುದು ಅವರೇ ಒಪ್ಪಿದ್ದನ್ನು.

ನಿಮ್ಮ ಇಲಾಖೆಗೆ ನಮ್ಮ ಪರಿಚಯ ಚೆನ್ನಾಗಿಯೇ ಇದೆ. ಜಾಹೀರಾತಿಗೆ ದುಡ್ಡು ಸಿಗುತ್ತಿದ್ದರೆ ನೋಡುವವರಿಗೆ ಸ್ಪಷ್ಟವಾಗಿ ಹೇಳಬೇಕು ಅಂತ 2023ರ ಜನವರಿಯಲ್ಲಿ ಮಾರ್ಗಸೂಚಿ ಬಂತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಾನು ಪ್ರತಿ ವಿಡಿಯೊದಲ್ಲೂ 'ಈ ಲಿಂಕ್‌ನಿಂದ ನನಗೆ ಕಮಿಷನ್ ಸಿಗುತ್ತದೆ' ಅಂತ ಹೇಳಿದ್ದೇನೆ. ಈಗ ಆ ಮಾತು ಕೇಳಿದರೆ ನನಗೇ ನಗು ಬರುತ್ತದೆ.

ಕಂಪನಿ ವ್ಯವಹಾರ ನಿಮ್ಮ ಖಾತೆಯಲ್ಲ, ಗೊತ್ತು. ಅದೂ ಹಣಕಾಸೂ ನಿರ್ಮಲಾ ಸೀತಾರಾಮನ್ ಅವರ ಬಳಿ ಇವೆ. ಅವರೂ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ದಯವಿಟ್ಟು ಅವರ ಜೊತೆ ಮಾತಾಡಿ. ಕಂಪನಿ ಕೈ ಬದಲಾದಾಗ, ಒಪ್ಪಿದ ಕಮಿಷನ್ ತೀರಿಸದೆ ಗ್ರಾಹಕರ ಪಟ್ಟಿ ಮಾತ್ರ ಎತ್ತಿಕೊಂಡು ಹೋಗುವಂತಿರಬಾರದು. ಯೋಜನೆ ಮುಚ್ಚುವುದಿದ್ದರೆ 60 ದಿನ ಮುಂಚೆ ತಿಳಿಸಲಿ, ಅಲ್ಲಿವರೆಗೆ ಲೆಕ್ಕ ನೋಡಲು ಬಿಡಲಿ. ಇದಕ್ಕೆ ಹೊಸ ನಿಯಮ ಬೇಕು, ಸಮಯ ಹಿಡಿಯುತ್ತದೆ. ಆದರೆ 194ಎಚ್‌ನಲ್ಲಿ ಜಮಾ ತೋರಿಸಿ ದುಡ್ಡು ಕೊಡದ ಕಂಪನಿಗೆ 'ಯಾಕೆ ಕೊಟ್ಟಿಲ್ಲ' ಅಂತ ಒಂದು ಪತ್ರ ಬರೆಯಲು ಎಷ್ಟು ಹೊತ್ತು ಬೇಕು?

ಮುಂದಿನ ಸಲ ಹುಬ್ಬಳ್ಳಿಗೆ ಬಂದಾಗ ಹತ್ತು ನಿಮಿಷ ಕೊಡಿ. 26ಎಎಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೇ 12ರ ರಾತ್ರಿ ಕೂತು ತೆಗೆದ 23 ಸ್ಕ್ರೀನ್‌ಶಾಟ್ ಎಲ್ಲಾ ತರುತ್ತೇನೆ. ಪೇಢೆ ತರುವುದಿಲ್ಲ, ಅದು ದುಡ್ಡು ಬಂದ ಮೇಲೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಸಪ್ತಾಪುರ, ಧಾರವಾಡ