ಆ ಹಗ್ಗ, ನಿನ್ನ ಜಡೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ "13 ಚಳಿಗಾಲ ಆ ಗುಡ್ಡಕ್ಕೇ ಸುರಿದೆಯಲ್ಲ ಅಪ್ಪ, ನಮಗೆ ಎಷ್ಟು ಉಳಿಸಿದೆ?" ಅಂತ ಕೇಳಿದೆ. ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ತಪ್ಪಾಯಿತು. ಈ ಭಾನುವಾರ ನಮ್ಮೂರ ಸ್ಕೀ ಗುಡ್ಡದ ಮ್ಯಾನೇಜರ್ ಕೆಲಸಕ್ಕೆ ನನ್ನ ಕೊನೆಯ ದಿನ. ಅಷ್ಟರೊಳಗೆ ಉತ್ತರ ಬರೆಯಬೇಕು ಅನ್ನಿಸಿತು.

ನೀನು ಸ್ಕೀ ಕಲಿತದ್ದು, ಬಿದ್ದದ್ದು, ಅದೆಲ್ಲ ನಿನಗೂ ನೆನಪಿದೆ, ಬಿಡು. ಆ ಜಡೆಯ ವಿಷಯ ಮಾತ್ರ ನಾವು ಯಾವತ್ತೂ ಮಾತಾಡಿಲ್ಲ.

ನಿನಗಾಗ ಏಳು ವರ್ಷ. ಅಮ್ಮನಿಗೆ ನೈಟ್ ಡ್ಯೂಟಿ ಇತ್ತು, ಬೆಳಗ್ಗೆ ನಾನೇ ಜಡೆ ಹಾಕಿದೆ. ಜಾಕೆಟ್ಟಿನ ಒಳಗೆ ಸೇರಿಸಲಿಲ್ಲ. ರೋಪ್ ಟೋ ಹಗ್ಗ ಸಾಗರದ ಕಡೆಯ ತೇರಿನ ಮಿಣಿ ಇದ್ದ ಹಾಗೆ, ಆದರೆ ಮಿಣಿಯನ್ನು ನಾವು ಎಳೆಯುತ್ತೇವೆ, ಇದು ಮೋಟಾರಿನಿಂದ ಓಡುತ್ತಾ, ಹಿಡಿದುಕೊಂಡ ನಮ್ಮನ್ನು ಗುಡ್ಡದ ಮೇಲಕ್ಕೆ ಎಳೆಯುತ್ತದೆ. ಓಡುವಾಗ ಸುಮ್ನೆ ಓಡುವುದಿಲ್ಲ, ತಿರುಚಿಕೊಳ್ಳುತ್ತಾ ಹೋಗುತ್ತದೆ, ಸಡಿಲ ಕೂದಲೋ ಸ್ಕಾರ್ಫೋ ಸಿಕ್ಕಿದರೆ ಸುತ್ತಿಕೊಂಡುಬಿಡುತ್ತದೆ. ಅರ್ಧ ಗುಡ್ಡದಲ್ಲಿ ನಿನ್ನ ತಲೆ ಹಗ್ಗದ ಕಡೆ ವಾಲಿದ್ದು ಕೆಳಗಿನಿಂದ ಕಂಡಿತು. ನಾನು ಓಡಿದೆ. ಸ್ಕೀ ಬೂಟು ಹಾಕಿಕೊಂಡು, ಹಿಮದಲ್ಲಿ, ಏರಿನಲ್ಲಿ ಎಷ್ಟು ಓಡಲಾಗುತ್ತದೆ? ತುದಿಯಲ್ಲಿ ಹಗ್ಗ ಚಕ್ರಕ್ಕೆ ಹೋಗುವ ಮುಂಚೆ ಒಂದು ತಂತಿ ಇರುತ್ತದೆ, ಅದಕ್ಕೆ ಯಾರಾದರೂ ತಗುಲಿದರೆ ಮೋಟಾರು ನಿಲ್ಲುತ್ತದೆ. ಆ ತಂತಿಯೂ ಕೆಲಸ ಮಾಡದಿದ್ದರೆ ಅಂತ ಇವತ್ತಿಗೂ ನಿದ್ದೆಯಲ್ಲಿ ಎಚ್ಚರವಾಗುತ್ತದೆ. ಆದರೆ ನೀನು ತಂತಿಯವರೆಗೆ ಹೋಗಲೇ ಇಲ್ಲ. ಮೇಲೆ ಕಾವಲಿಗಿದ್ದ ರಿಟೈರ್ಡ್ ಮೇಷ್ಟ್ರು ನಿನ್ನನ್ನೇ ನೋಡುತ್ತಿದ್ದರು, ಹಗ್ಗ ನಿಲ್ಲಿಸಿದರು, ಕೈಗವಸು ಬಿಚ್ಚಿ ಒಂದೊಂದೇ ಎಳೆ ಬಿಡಿಸಿದರು. ಸಂಬಳವಿಲ್ಲದೆ ಪ್ರತಿ ಶನಿವಾರ ಅಲ್ಲಿ ನಿಲ್ಲುತ್ತಿದ್ದ ಮನುಷ್ಯ.

ನಾನು ಮೇಲೆ ಬಂದವನೇ ಎಲ್ಲರೆದುರು ನಿನ್ನನ್ನು ಬೈದೆ. ಜಡೆ ಹಾಕಿದ್ದು ನಾನು, ಬೈಸಿಕೊಂಡದ್ದು ನೀನು. ಕ್ಷಮಿಸು ಮಗಳೇ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.

ಮರುವರ್ಷ ಗುಡ್ಡ ನೋಡಿಕೊಳ್ಳಲು ಯಾರೂ ಸಿಗುತ್ತಿಲ್ಲ ಅಂದಾಗ ಒಪ್ಪಿಕೊಂಡದ್ದು ಆ ದಿನದ ಕಾರಣಕ್ಕೇ. ನಾನು ಸಾಗರದಿಂದ ಬಂದವನು, ಹಿಮ ನೋಡಿದ್ದೇ ಮೂವತ್ತು ದಾಟಿದ ಮೇಲೆ. ಆದರೂ ಯಾರೂ ನನ್ನನ್ನು ಹೊರಗಿನವನ ಹಾಗೆ ನೋಡಲಿಲ್ಲ. ಈ ವರ್ಮಾಂಟ್‌ನಲ್ಲಿ ಊರಿನವರೇ ಸೇರಿ ಸ್ಕೀ ಗುಡ್ಡ ನಡೆಸುವುದು ಹಳೆಯ ರೂಢಿ. 1934ರಲ್ಲಿ ವುಡ್‌ಸ್ಟಾಕ್‌ನಲ್ಲಿ ಹಳೇ ಫೋರ್ಡ್ ಮಾಡೆಲ್ ಟಿ ಎಂಜಿನ್‌ಗೆ ಹಗ್ಗ ಕಟ್ಟಿ ಓಡಿಸಿದರಲ್ಲ, ಅಮೆರಿಕದ ಮೊದಲ ರೋಪ್ ಟೋ ಅದೇ. ರಿಚ್ಮಂಡ್‌ನಲ್ಲಿ ಕೊಕ್ರನ್ ಮನೆಯವರು 1961ರಲ್ಲಿ ಹಿತ್ತಲ ಗುಡ್ಡಕ್ಕೆ ಹಗ್ಗ ಹಾಕಿದರು, ಆ ಮನೆಯ ಮಗಳು 1972ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಳು. ನಮ್ಮ ಗುಡ್ಡದಿಂದ ಚಿನ್ನ ಬರಲಿಲ್ಲ. ಆದರೆ ಯಾರದೋ ಟ್ರಾಕ್ಟರ್, ಯಾರದೋ ಸೌದೆ, ಯಾರೋ ಮಾಡಿ ತಂದ ಸೂಪು, ಚಿಕ್ಕದಾದ ಬೂಟನ್ನು ಮುಂದಿನ ಮಗುವಿಗೆ ಬಿಟ್ಟುಹೋಗುವ ಮಕ್ಕಳು, ಇದರಲ್ಲೇ ನಡೆಯಿತು. ಹಿಮ ಬೀಳದ ಜನವರಿಯಲ್ಲೂ ಶನಿವಾರ ಎಲ್ಲರೂ ಬಂದು ಬೇಲಿ ಸರಿಮಾಡಿದರು. ಅವರಿಗೆ ಏನು ಹೇಳಿ ಹೊರಡಲಿ? ಥ್ಯಾಂಕ್ಸ್ ಸಾಕಾಗುವುದಿಲ್ಲ.

ನೀನೂ ಅಲ್ಲಿ ನಿನ್ನ ಊರಿನಲ್ಲಿ ಏನಾದರೊಂದಕ್ಕೆ ಕೈಹಾಕು. ಬರೀ ಆಫೀಸು, ಮನೆ ಅಂತ ಇರಬೇಡ. ಜಾಸ್ತಿ ಓವರ್‌ಟೈಮ್ ಮಾಡಬೇಡ, ರಾತ್ರಿ ಊಟ ಬಿಡಬೇಡ, ಚಳಿಗಾಲದ ಟೈರು ಹಾಕಿಸಿದೆಯಾ? ನೋಡು, ಮತ್ತೆ ಶುರು ಮಾಡಿದೆ. ನಿನ್ನ ನಾಟಕದ ದಿನ ನಾನು ಬರಲಿಲ್ಲ, ಅದೂ ಮರೆತಿಲ್ಲ. ನೀನು ಒಬ್ಬಳೇ ನಿಂತು ಇಷ್ಟು ದೂರ ಬಂದೆಯಲ್ಲ, ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಭಾನುವಾರ ಸಂಜೆ 4ಕ್ಕೆ ಹಗ್ಗ ನಿಲ್ಲಿಸುತ್ತೇವೆ. ಮೇಷ್ಟ್ರೂ ಬರುತ್ತಾರೆ, ಈಗ ಕೋಲು ಹಿಡಿದು ನಡೆಯುತ್ತಾರೆ, ನಿನ್ನನ್ನು ಕೇಳಿದರು. ಸಾಧ್ಯವಾದರೆ ಬಾ. ಕೊನೆಯ ಸಲ ಇಬ್ಬರೂ ಹಗ್ಗ ಹಿಡಿದು ಮೇಲೆ ಹೋಗೋಣ. ಜಡೆ ಜಾಕೆಟ್ಟಿನ ಒಳಗಿರಲಿ.

ನಿನ್ನ ಅಪ್ಪ