ಜಂಟಿ ಖಾತೆಯ ಎಫ್‌ಡಿಯೂ ಕ್ಲಿಯರೆನ್ಸ್‌ಗೆ ತೊಡಕಾದೀತು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ರಕ್ಷಣಾ ಗುತ್ತಿಗೆ ಕಂಪನಿಗಳ ಹಲವು ಹುದ್ದೆಗಳಿಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿ ನೋಡಲು ಸರ್ಕಾರದ ಅನುಮತಿ ಬೇಕು. ಅದು ಸಿಗುವುದು ಅಲ್ಲಿನ ಪೌರರಿಗೆ ಮಾತ್ರ. ಅಲ್ಲಿನ ಪೌರತ್ವ ಪಡೆದ ಮಕ್ಕಳಿರುವ ಇಲ್ಲಿನ ಮನೆಗಳಲ್ಲಿ ‘ಸಾಲ ಇದ್ದರೆ ಕ್ಲಿಯರೆನ್ಸ್ ಇಲ್ಲ’ ಎಂಬ ಮಾತು ಕೇಳಿಬರುತ್ತದೆ. ಇದು ಅರ್ಧ ಸತ್ಯ. ಕಂತು ತಪ್ಪದೆ ಕಟ್ಟುತ್ತಿರುವ ಮನೆ ಸಾಲಕ್ಕೆ ಸಾಮಾನ್ಯವಾಗಿ ಯಾರೂ ತಕರಾರು ತೆಗೆಯುವುದಿಲ್ಲ. ತೊಡಕು ಬರುವುದು ಬಾಕಿ ಉಳಿಸಿಕೊಂಡಾಗ, ಅದಕ್ಕಿಂತ ಹೆಚ್ಚಾಗಿ ತೆರಿಗೆ ರಿಟರ್ನ್ಸ್ ಸಲ್ಲಿಸದಿದ್ದಾಗ.

ಕ್ಲಿಯರೆನ್ಸ್ ಕೊಡಬೇಕೇ ಎಂದು ನಿರ್ಧರಿಸಲು 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಲ್ಲಿ ‘ಎಫ್’ ಎಂಬುದು ಹಣಕಾಸಿನದು. ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಅರ್ಜಿಯ 26ನೇ ವಿಭಾಗ ಹಿಂದಿನ ಏಳು ವರ್ಷಗಳ ಲೆಕ್ಕ ಕೇಳುತ್ತದೆ: ಸಲ್ಲಿಸದ ರಿಟರ್ನ್ಸ್, ಕಟ್ಟದ ತೆರಿಗೆ, ದಿವಾಳಿ, ವಸೂಲಿ ಏಜೆನ್ಸಿಗೆ ಹೋದ ಖಾತೆ, 120 ದಿನ ಮೀರಿದ ಬಾಕಿ. ಆಮೇಲೆ ತೀರಿಸಿದ್ದರೂ ಬರೆಯಲೇಬೇಕು. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತಿದ್ದು ಅವನು ಕೈಕೊಟ್ಟಿದ್ದರೆ, ಅದೂ ನಿಮ್ಮ ಲೆಕ್ಕಕ್ಕೇ.

ಕ್ರೆಡಿಟ್ ಕಾರ್ಡ್ ಬಾಕಿಗೆ ಕೆಲಸ ಹೋಯಿತು, ಕಾಯಿಲೆ ಬಂತು ಎಂಬ ಕಾರಣಗಳನ್ನು ಕಾಗದಪತ್ರ ಸಮೇತ ಕೊಟ್ಟರೆ ಪರಿಗಣಿಸುತ್ತಾರೆ. ರಿಟರ್ನ್ಸ್ ವಿಷಯದಲ್ಲಿ ಅಷ್ಟು ಸಡಿಲವಿಲ್ಲ. ನಿಯಮವೆಂದು ಗೊತ್ತಿದ್ದೂ ಪಾಲಿಸದವರು ರಹಸ್ಯ ಕಾಪಾಡುವ ನಿಯಮವನ್ನು ಪಾಲಿಸುತ್ತಾರೆಯೇ ಎಂಬುದೇ ಕ್ಲಿಯರೆನ್ಸ್ ನಿರ್ಧರಿಸುವವರ ಪ್ರಶ್ನೆ. ‘ಹೇಗೂ ನನಗೇ ರೀಫಂಡ್ ಬರಬೇಕಿತ್ತು’ ಎನ್ನುವ ಸಬೂಬೂ ಇದಕ್ಕೆ ಉತ್ತರವಾಗದು. ಕಟ್ಟಲು ಹಣವಿಲ್ಲವೆಂದು ರಿಟರ್ನ್ಸ್ ತಡೆಹಿಡಿಯುವುದಂತೂ ಶುದ್ಧ ದಡ್ಡತನ. ಸಲ್ಲಿಸದಿದ್ದರೆ ಬಾಕಿ ತೆರಿಗೆಯ ಮೇಲೆ ತಿಂಗಳಿಗೆ ಶೇ 5ರಂತೆ ಶೇ 25ರವರೆಗೆ ದಂಡ; ಸಲ್ಲಿಸಿ ಹಣ ಕಟ್ಟದಿದ್ದರೆ ತಿಂಗಳಿಗೆ ಶೇ 0.5 ಮಾತ್ರ. ಫಾರ್ಮ್ 4868 ಹಾಕಿದರೆ ಸಲ್ಲಿಕೆಗೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ, ಹಣ ಕಟ್ಟಲು ಸಿಗುವುದಿಲ್ಲ.

ಇನ್ನು ಹೊರದೇಶದಲ್ಲಿರುವವರು ಇಲ್ಲಿನ ಬ್ಯಾಂಕುಗಳಲ್ಲಿ ಇಡುವ ಎನ್‌ಆರ್‌ಒ, ಎನ್‌ಆರ್‌ಇ ಖಾತೆಗಳು. ಎನ್‌ಆರ್‌ಒ ಠೇವಣಿಯ ಬಡ್ಡಿಗೆ ಇಲ್ಲೇ ಟಿಡಿಎಸ್ ಕಡಿತವಾಗಿದೆ, ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ ಎಂದು ಸುಮ್ಮನಿರುವಂತಿಲ್ಲ. ಅಮೆರಿಕದ ರಿಟರ್ನ್ಸ್‌ನಲ್ಲಿ ಎರಡನ್ನೂ ತೋರಿಸಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರ ಮೂಲಕ ರಿಯಾಯಿತಿ ಕೇಳಬಹುದು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಅನುಕೂಲಕ್ಕೆಂದು ಅಪ್ಪ ಅಮ್ಮ ಮಗನ ಹೆಸರು ಸೇರಿಸಿದ ಜಂಟಿ ಖಾತೆ, ಅದರ ಎಫ್‌ಡಿ ಎಲ್ಲವೂ ಇದರಲ್ಲಿ ಸೇರುತ್ತವೆ, ಹಣ ಪೂರ್ತಿ ಅಪ್ಪನದೇ ಆಗಿದ್ದರೂ. ಹೆಸರು ಸೇರಿಸಿದ ಸಂಗತಿಯೇ ಮಗನಿಗೆ ಗೊತ್ತಿಲ್ಲದಿದ್ದರೆ ಮುಂದೆ ಪೇಚು. ಎಸ್‌ಎಫ್-86ರಲ್ಲಿ ವಿದೇಶಿ ಹಣಕಾಸು ಹಿತಾಸಕ್ತಿಗಳ ಬಗ್ಗೆಯೂ ಪ್ರಶ್ನೆಯಿದೆ. ಅಲ್ಲಿ ಬರೆದ ಖಾತೆ ರಿಟರ್ನ್ಸ್‌ನಲ್ಲಿ ಇಲ್ಲದಿದ್ದರೆ ತನಿಖಾಧಿಕಾರಿ ಕೇಳದೆ ಬಿಡುವುದಿಲ್ಲ.

ಅರ್ಜಿಗೆ ಮೊದಲೇ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಪ್ರತಿ ವರ್ಷದ ಟ್ರಾನ್ಸ್‌ಕ್ರಿಪ್ಟ್ (ತೆರಿಗೆ ದಾಖಲೆಯ ಪ್ರತಿ) ತೆಗೆಸಿ ನೋಡಿ, ಬಿಟ್ಟುಹೋದ ರಿಟರ್ನ್ಸ್ ಸಲ್ಲಿಸಬೇಕು. ಬಾಕಿ ತೆರಿಗೆ, ದಂಡ, ಬಡ್ಡಿ ಸೇರಿ 50,000 ಡಾಲರ್ ಒಳಗಿದ್ದರೆ ಕಂತಿನ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಒಪ್ಪಂದಪತ್ರ, ಕಟ್ಟಿದ ಪ್ರತಿ ಕಂತಿನ ರಸೀದಿ ಜೋಪಾನ. ಕ್ಲಿಯರೆನ್ಸ್‌ಗೆ ಆಕ್ಷೇಪದ ನೋಟಿಸ್ ಬಂದ ಮೇಲೆ ಶುರುಮಾಡಿದ ಪಾವತಿಗೆ ಅಷ್ಟು ಬೆಲೆಯಿಲ್ಲ. ಹಳೆಯ ಸಾಲ ಕ್ರೆಡಿಟ್ ರಿಪೋರ್ಟ್‌ನಿಂದ ಮಾಯವಾದರೆ ತೀರಿತೆಂದು ಭಾವಿಸುವುದೂ ತಪ್ಪು.

ಗುತ್ತಿಗೆ ಕಂಪನಿಗಳ ನೌಕರರು ಆ ಆಕ್ಷೇಪದ ನೋಟಿಸ್‌ಗೆ 20 ದಿನಗಳೊಳಗೆ ಒಂದೊಂದು ಆರೋಪವನ್ನೂ ಒಪ್ಪಿ ಅಥವಾ ನಿರಾಕರಿಸಿ ಉತ್ತರಿಸಬೇಕು. ವಿಚಾರಣೆ ಬೇಕೆಂದು ಉತ್ತರದಲ್ಲೇ ಸ್ಪಷ್ಟವಾಗಿ ಕೇಳದಿದ್ದರೆ ಸಾಮಾನ್ಯವಾಗಿ ಬರೀ ಕಡತ ನೋಡಿ ತೀರ್ಪು ಕೊಡುತ್ತಾರೆ.

– ತೆರಿಗೆ ಸಲಹೆಗಾರರು, ಬೆಂಗಳೂರು